ಅಂತರ್ಜಲದ ದ್ರಾವಕ ಮಾಲಿನ್ಯ: ಪತ್ತೆ ಮತ್ತು ನಿವಾರಣೆ

ಲೋಹದ ಜಿಡ್ಡು ತೆಗೆಯಲು, ಬಟ್ಟೆ ಶುಚಿಗೊಳಿಸಲು, ಬಣ್ಣ ಕಳಚಲು ಮತ್ತು ರಾಸಾಯನಿಕಗಳ ತಯಾರಿಕೆಗೆ ಬಳಸುವ ಸಾವಯವ ದ್ರಾವಕಗಳು ಸೋರಿಕೆಯಿಂದಲೋ ವಿಲೇವಾರಿಯಿಂದಲೋ ನೆಲಕ್ಕಿಳಿದು ಜಲಧರ ಪದರಗಳ ನೀರಿನಲ್ಲಿ ಕರಗಿ ಹರಡುವುದನ್ನು ಅಂತರ್ಜಲದ ದ್ರಾವಕ ಮಾಲಿನ್ಯ ಎನ್ನುತ್ತಾರೆ. ಇವುಗಳಲ್ಲಿ ಕ್ಲೋರಿನ್ ಪರಮಾಣುಗಳನ್ನು ಹೊಂದಿದ ದ್ರಾವಕಗಳು ಹೆಚ್ಚು ವ್ಯಾಪಕವಾದವು, ನಿವಾರಣೆಗೆ ಹೆಚ್ಚು ಕಠಿಣವಾದವು. ಬೇಗ ಬೆಂಕಿ ಹತ್ತದಿರುವುದು, ಜಿಡ್ಡನ್ನು ಸುಲಭವಾಗಿ ಕರಗಿಸುವುದು, ಬೇಗ ಆರುವುದು, ಬಳಕೆಯಲ್ಲಿ ಕೆಡದಿರುವುದು ಇವುಗಳನ್ನು ಕಾರ್ಖಾನೆಗೆ ಬೇಕಾದ ವಸ್ತುಗಳನ್ನಾಗಿಸಿದ ಗುಣಗಳು. ಸುಲಭವಾಗಿ ಕೆಡದ ಈ ಸ್ವಭಾವದ ಜೊತೆಗೆ ನೀರಿಗಿಂತ ಹೆಚ್ಚಿನ ತೂಕವೂ ಸೇರಿ, ನೆಲದೊಳಗೆ ಇವು ದಶಕಗಳ ಕಾಲ ಉಳಿಯುತ್ತವೆ.

ಪರಿಭಾಷೆ

ನೀರನ್ನು ಹಿಡಿದಿಟ್ಟುಕೊಂಡು ಬಾವಿಗೆ ಒದಗಿಸಬಲ್ಲ ಮರಳು, ಜಲ್ಲಿ ಅಥವಾ ಬಿರುಕುಬಿಟ್ಟ ಶಿಲೆಯ ಪದರವೇ ಜಲಧರ. ಅಂತರ್ಜಲ ಮಟ್ಟಕ್ಕಿಂತ ಮೇಲಿನ, ರಂಧ್ರಗಳಲ್ಲಿ ಗಾಳಿ ಮತ್ತು ನೀರು ಎರಡೂ ಇರುವ ಭಾಗವನ್ನು ಒಣವಲಯವೆಂದೂ ಕೆಳಗಿನ ಭಾಗವನ್ನು ನೀರು ತುಂಬಿದ ವಲಯವೆಂದೂ ಈ ಲೇಖನದಲ್ಲಿ ಕರೆದಿದೆ. ನೀರಿನೊಡನೆ ಬೆರೆಯದೆ ಪ್ರತ್ಯೇಕ ದ್ರವವಾಗಿಯೇ ಉಳಿಯುವ, ನೀರಿಗಿಂತ ಹೆಚ್ಚು ಸಾಂದ್ರತೆಯ ವಸ್ತುವಿಗೆ ತಾಂತ್ರಿಕ ಬರಹಗಳಲ್ಲಿ ಡಿಎನ್‌ಎಪಿಎಲ್ ಎಂಬ ಹೆಸರಿದೆ. ಇಲ್ಲಿ ಅದಕ್ಕೆ ಭಾರದ್ರವ ಎಂಬ ಪದವನ್ನು ಬಳಸಿದೆ. ಪೆಟ್ರೋಲ್, ಬೆಂಜೀನ್, ಟೊಲ್ವೀನ್‌ಗಳಂಥ ಹಗುರ ದ್ರವಗಳು ಅಂತರ್ಜಲದ ಮೇಲ್ಮೈಯಲ್ಲಿ ತೇಲುತ್ತವೆ. ಅವುಗಳ ಪತ್ತೆ ಮತ್ತು ನಿವಾರಣೆ ಬೇರೆ ಬಗೆಯದಾದುದರಿಂದ ಈ ಲೇಖನದ ವ್ಯಾಪ್ತಿಗೆ ಸೇರಿಲ್ಲ.

ಭಾರದ್ರವ ನಿಂತಿರುವ ಜಾಗ ಮಾಲಿನ್ಯದ ಮೂಲವಲಯ. ಅಲ್ಲಿಂದ ಕರಗಿ ನೀರಿನ ಹರಿವಿನ ದಿಕ್ಕಿನಲ್ಲಿ ಉದ್ದಕ್ಕೆ ಚಾಚಿಕೊಂಡ ಕಲುಷಿತ ನೀರಿನ ಭಾಗ ಪ್ಲೂಮ್.

ಮುಖ್ಯ ದ್ರಾವಕಗಳು

ಟ್ರೈಕ್ಲೋರೋಎಥಿಲೀನ್ (ಟಿಸಿಇ): ಸಾಂದ್ರತೆ ಘನ ಸೆಂಟಿಮೀಟರಿಗೆ 1.46 ಗ್ರಾಂ; ಕುದಿಬಿಂದು 87 ಡಿಗ್ರಿ ಸೆಲ್ಸಿಯಸ್. ಲೋಹದ ಭಾಗಗಳ ಜಿಡ್ಡು ತೆಗೆಯುವುದು ಇದರ ಮುಖ್ಯ ಬಳಕೆಯಾಗಿತ್ತು.

ಟೆಟ್ರಾಕ್ಲೋರೋಎಥಿಲೀನ್ ಅಥವಾ ಪರ್‌ಕ್ಲೋರೋಎಥಿಲೀನ್ (ಪಿಸಿಇ): ಸಾಂದ್ರತೆ 1.62, ಕುದಿಬಿಂದು 121 ಡಿಗ್ರಿ. ಡ್ರೈಕ್ಲೀನಿಂಗ್ ಉದ್ಯಮದ ಪ್ರಧಾನ ದ್ರಾವಕ.

1,1,1-ಟ್ರೈಕ್ಲೋರೋಈಥೇನ್ (ಟಿಸಿಎ): ಸಾಂದ್ರತೆ 1.34, ಕುದಿಬಿಂದು 74 ಡಿಗ್ರಿ. ಲೋಹ ಮತ್ತು ಎಲೆಕ್ಟ್ರಾನಿಕ್ಸ್ ಉದ್ಯಮಗಳಲ್ಲಿ ಶುಚಿಕಾರಕವಾಗಿತ್ತು. ಇದು ಕೆಡದಂತೆ 1,4-ಡೈಆಕ್ಸೇನ್ ಎಂಬ ಸ್ಥಿರಕಾರಿಯನ್ನು ಸೇರಿಸುತ್ತಿದ್ದರು.

ಕಾರ್ಬನ್ ಟೆಟ್ರಾಕ್ಲೋರೈಡ್: ಸಾಂದ್ರತೆ 1.59, ಕುದಿಬಿಂದು 77 ಡಿಗ್ರಿ. ಮೊದಲು ಡ್ರೈಕ್ಲೀನಿಂಗ್ ಮತ್ತು ಅಗ್ನಿಶಾಮಕಗಳಲ್ಲಿ, ನಂತರ ಶೀತಕಾರಕಗಳ ತಯಾರಿಕೆಯಲ್ಲಿ ಬಳಕೆಯಾಯಿತು.

ಡೈಕ್ಲೋರೋಮೀಥೇನ್: ಸಾಂದ್ರತೆ 1.33, ಕುದಿಬಿಂದು 40 ಡಿಗ್ರಿ. ಬಣ್ಣ ಕಳಚಲು ಮತ್ತು ಔಷಧ ತಯಾರಿಕೆಯಲ್ಲಿ ಬಳಸುತ್ತಾರೆ. ಈ ಪಟ್ಟಿಯಲ್ಲಿ ನೀರಿನಲ್ಲಿ ಅತಿ ಹೆಚ್ಚು ಕರಗುವ ದ್ರಾವಕ ಇದು.

ಇವುಗಳಲ್ಲಿ ಪಿಸಿಇ ಮತ್ತು ಟಿಸಿಇಗಳ ವಿಘಟನೆಯಿಂದ ಹುಟ್ಟುವ ಸಿಸ್-1,2-ಡೈಕ್ಲೋರೋಎಥಿಲೀನ್ ಮತ್ತು ವಿನೈಲ್ ಕ್ಲೋರೈಡ್ ಕೂಡ ಮಾಲಿನ್ಯಕಾರಕಗಳೇ. ಕೋಣೆಯ ಉಷ್ಣತೆಯಲ್ಲಿ ಅನಿಲವಾಗಿರುವ ವಿನೈಲ್ ಕ್ಲೋರೈಡ್ ಮೂಲ ದ್ರಾವಕಗಳಿಗಿಂತ ಹೆಚ್ಚು ಅಪಾಯಕಾರಿ.

ಇತಿಹಾಸ

ಟೆಟ್ರಾಕ್ಲೋರೋಎಥಿಲೀನನ್ನು ಮೊದಲು ತಯಾರಿಸಿದವನು ಮೈಕೆಲ್ ಫ್ಯಾರಡೆ, 1821ರಲ್ಲಿ. ಕ್ಲೋರಿನ್‌ಯುಕ್ತ ದ್ರಾವಕಗಳ ಕೈಗಾರಿಕಾ ಬಳಕೆ 20ನೆಯ ಶತಮಾನದ ಮೊದಲರ್ಧದಲ್ಲಿ ಬೆಳೆದು, ಎರಡನೆಯ ಮಹಾಯುದ್ಧದ ಕಾಲದ ವಿಮಾನ ಮತ್ತು ಶಸ್ತ್ರಾಸ್ತ್ರ ತಯಾರಿಕೆಯಿಂದ ವೇಗ ಪಡೆಯಿತು. ಬೆಂಕಿಗೆ ಸುಲಭವಾಗಿ ಆಹುತಿಯಾಗುವ ಪೆಟ್ರೋಲಿಯಂ ದ್ರಾವಕಗಳಿಗಿಂತ ಇವು ಸುರಕ್ಷಿತವೆಂಬ ಅಭಿಪ್ರಾಯ ಆಗ ಇತ್ತು. ಟ್ರೈಕ್ಲೋರೋಎಥಿಲೀನನ್ನು ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆಯಾಗಿಯೂ ಕಾಫಿಬೀಜದಿಂದ ಕೆಫೀನ್ ತೆಗೆಯಲೂ ಬಳಸಿದ್ದುಂಟು. ಅಮೆರಿಕ 1977ರಲ್ಲಿ ಈ ಬಳಕೆಗಳನ್ನು ನಿಲ್ಲಿಸಿತು. ಬಳಸಿದ ದ್ರಾವಕವನ್ನು ಒಣನೆಲಕ್ಕೆ ಸುರಿದರೆ ಆವಿಯಾಗಿ ಹೋಗುತ್ತದೆ ಎಂಬ ನಂಬಿಕೆಯಿಂದ ಗುಂಡಿಗಳಿಗೆ ಸುರಿಯುವುದು ಬಹುಕಾಲ ವಾಡಿಕೆಯಾಗಿತ್ತು.

ನೀರಿನಲ್ಲಿ ಇವುಗಳ ಅತ್ಯಲ್ಪ ಪ್ರಮಾಣವನ್ನು ಅಳೆಯುವ ಸಾಧನ ಬರುವವರೆಗೆ ಸಮಸ್ಯೆ ಕಣ್ಣಿಗೆ ಬೀಳಲಿಲ್ಲ. ಜೇಮ್ಸ್ ಲವ್‌ಲಾಕ್ 1957ರಲ್ಲಿ ರೂಪಿಸಿದ ಎಲೆಕ್ಟ್ರಾನ್ ಗ್ರಾಹಕ ಶೋಧಕವು ಕ್ಲೋರಿನ್‌ಯುಕ್ತ ಅಣುಗಳ ಕ್ಷೀಣ ಸುಳಿವನ್ನೂ ಗುರುತಿಸಬಲ್ಲದಾಗಿತ್ತು. 1974ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ (ಇಪಿಎ) ಬೆಲ್ಲರ್ ಮತ್ತು ಲಿಕ್ಟನ್‌ಬರ್ಗ್ ನೀರಿನಿಂದ ಆವಿಶೀಲ ವಸ್ತುಗಳನ್ನು ಅನಿಲದ ಗುಳ್ಳೆಗಳ ಮೂಲಕ ಹೊರತೆಗೆದು ಹಿಡಿಯುವ ವಿಧಾನವನ್ನು ಪ್ರಕಟಿಸಿದರು. ಅಲ್ಲಿಂದಾಚೆ ಊರೂರಿನ ಕುಡಿಯುವ ನೀರಿನ ಬಾವಿಗಳಲ್ಲಿ ದ್ರಾವಕಗಳು ಪತ್ತೆಯಾಗತೊಡಗಿದವು. ಅಮೆರಿಕದಲ್ಲಿ ಸೂಪರ್‌ಫಂಡ್ ಎಂದು ಹೆಸರಾದ ಶುದ್ಧೀಕರಣ ಕಾನೂನು 1980ರಲ್ಲಿ ಬಂದಿತು. ಅದರಡಿ ಗುರುತಿಸಲಾದ ತಾಣಗಳಲ್ಲಿ ಸಾವಿರಕ್ಕೂ ಹೆಚ್ಚು ಕಡೆ ಟ್ರೈಕ್ಲೋರೋಎಥಿಲೀನ್ ಕಂಡುಬಂದಿದೆ.

ಭಾರದ್ರವದ ಚಲನೆಯನ್ನು ಪ್ರಯೋಗಾಲಯದಲ್ಲಿ ವ್ಯವಸ್ಥಿತವಾಗಿ ತೋರಿಸಿದವರು ಜರ್ಮನಿಯ ಭೂಜಲವಿಜ್ಞಾನಿ ಫ್ರೀಡ್ರಿಶ್ ಶ್ವಿಲ್ಲೆ. ಅವರ ಕೃತಿಯ ಇಂಗ್ಲಿಷ್ ಅನುವಾದ 1988ರಲ್ಲಿ ಹೊರಬಂದು ಈ ಕ್ಷೇತ್ರಕ್ಕೆ ಬುನಾದಿಯಾಯಿತು. ಕೆನಡಾದ ಒಂಟಾರಿಯೋ ಪ್ರಾಂತದ ಬೋರ್ಡೆನ್ ಸೇನಾ ನೆಲೆಯ ಮರಳು ಜಲಧರದಲ್ಲಿ ವಾಟರ್‌ಲೂ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ತಂಡಗಳು 1982ರಿಂದ ನಡೆಸಿದ ಕ್ಷೇತ್ರ ಪ್ರಯೋಗಗಳು ಕರಗಿದ ದ್ರಾವಕದ ಸಾಗಣೆಯನ್ನು ವಿವರವಾಗಿ ದಾಖಲಿಸಿದವು.

ನೆಲದೊಳಗಿನ ಚಲನೆ

ಸುರಿದ ದ್ರಾವಕ ಮೊದಲು ಒಣವಲಯದ ಮೂಲಕ ಕೆಳಗಿಳಿಯುತ್ತದೆ. ಅದರ ಒಂದು ಭಾಗ ಆವಿಯಾಗಿ ಮಣ್ಣಿನ ಗಾಳಿಯಲ್ಲಿ ಸೇರುತ್ತದೆ. ಮತ್ತೊಂದು ಭಾಗ ಸಣ್ಣ ಹನಿಗಳಾಗಿ ರಂಧ್ರಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಉಳಿದ ದ್ರವ ಅಂತರ್ಜಲ ಮಟ್ಟವನ್ನು ಮುಟ್ಟಿದಾಗ ಅಲ್ಲಿ ನಿಲ್ಲುವುದಿಲ್ಲ. ಸಾಕಷ್ಟು ಪ್ರಮಾಣದಲ್ಲಿದ್ದರೆ ನೀರನ್ನು ಪಕ್ಕಕ್ಕೆ ತಳ್ಳಿ ತೂಕದಿಂದ ಇನ್ನೂ ಕೆಳಗಿಳಿಯುತ್ತದೆ. ಟ್ರೈಕ್ಲೋರೋಎಥಿಲೀನಿನ ಸ್ನಿಗ್ಧತೆ ನೀರಿಗಿಂತ ಕಡಿಮೆಯಾದುದರಿಂದ ಈ ಇಳಿತ ಸರಾಗ. ಜೇಡಿಮಣ್ಣಿನಂಥ ಬಿಗಿ ಪದರ ಎದುರಾದಾಗ ದ್ರವ ಅದರ ಮೇಲೆ ಮಡುಗಟ್ಟುತ್ತದೆ ಅಥವಾ ಪದರದ ಇಳಿಜಾರು ಹಿಡಿದು ಸಾಗುತ್ತದೆ. ಆ ಇಳಿಜಾರು ನೀರಿನ ಹರಿವಿಗೆ ವಿರುದ್ಧ ದಿಕ್ಕಿನಲ್ಲಿದ್ದರೆ ದ್ರವವೂ ವಿರುದ್ಧವಾಗಿ ಚಲಿಸಬಹುದು. ಸಾಗಿದ ದಾರಿಯುದ್ದಕ್ಕೂ ಹನಿಗಳು ಉಳಿಯುವುದರಿಂದ ಮೂಲವಲಯದ ಆಕಾರ ಅನಿಯತ. ಕೆಲವು ಸೆಂಟಿಮೀಟರ್ ಅಂತರದಲ್ಲೇ ದ್ರವ ಇರುವ ಮತ್ತು ಇಲ್ಲದ ಜಾಗಗಳು ಸಿಗುತ್ತವೆ.

ಹೀಗೆ ನಿಂತ ದ್ರವ ಹಾದುಹೋಗುವ ನೀರಿಗೆ ಸ್ವಲ್ಪಸ್ವಲ್ಪವಾಗಿ ಕರಗುತ್ತದೆ. ಟ್ರೈಕ್ಲೋರೋಎಥಿಲೀನ್ ಲೀಟರ್ ನೀರಿನಲ್ಲಿ ಸುಮಾರು 1.1ರಿಂದ 1.3 ಗ್ರಾಂವರೆಗೆ ಕರಗಬಲ್ಲದು. ದ್ರವ ಬೇಗ ಮುಗಿದುಹೋಗಲು ಈ ಪ್ರಮಾಣ ಸಾಲದು. ಆದರೆ ಕುಡಿಯುವ ನೀರಿನ ಮಿತಿಗೆ ಹೋಲಿಸಿದರೆ ಲಕ್ಷಾಂತರ ಪಟ್ಟು ಹೆಚ್ಚು. ಒಂದು ಲೀಟರ್ ಟ್ರೈಕ್ಲೋರೋಎಥಿಲೀನಿನ ತೂಕ 1,460 ಗ್ರಾಂ. ಲೀಟರಿಗೆ 5 ಮೈಕ್ರೋಗ್ರಾಂ ಎಂಬ ಮಿತಿಯ ಲೆಕ್ಕದಲ್ಲಿ ಅಷ್ಟು ದ್ರಾವಕ ಸುಮಾರು 29 ಕೋಟಿ ಲೀಟರ್ ನೀರನ್ನು ಮಿತಿಯ ಮಟ್ಟಕ್ಕೆ ಏರಿಸಲು ಸಾಕು. ಕರಗಿದ ದ್ರಾವಕ ಮರಳಿಗೆ ಹೆಚ್ಚು ಅಂಟಿಕೊಳ್ಳದೆ ನೀರಿನೊಂದಿಗೇ ಸಾಗುವುದರಿಂದ ಪ್ಲೂಮ್‌ಗಳು ಕಿಲೋಮೀಟರುಗಟ್ಟಲೆ ಉದ್ದವಾಗಬಹುದು.

ನಿವಾರಣೆಯ ಮೇಲೆ ಅತಿ ಹೆಚ್ಚು ಪರಿಣಾಮ ಬೀರುವ ಪ್ರಕ್ರಿಯೆ ವಿಸರಣೆ. ಕಲುಷಿತ ನೀರು ವರ್ಷಗಟ್ಟಲೆ ಜೇಡಿಪದರದ ಅಥವಾ ರಂಧ್ರಯುಕ್ತ ಶಿಲೆಯ ಪಕ್ಕದಲ್ಲಿ ಹರಿದಾಗ, ಕರಗಿದ ಅಣುಗಳು ಆ ಬಿಗಿ ಪದರದ ಒಳಕ್ಕೆ ನುಸುಳುತ್ತವೆ. ಮುಂದೆ ಹರಿಯುವ ನೀರು ಶುದ್ಧವಾದಾಗ ಅದೇ ಅಣುಗಳು ಮೆಲ್ಲನೆ ಹೊರಬಂದು ನೀರನ್ನು ಮತ್ತೆ ಕೆಡಿಸುತ್ತವೆ. ಇದಕ್ಕೆ ಹಿಮ್ಮುಖ ವಿಸರಣೆ ಎಂದು ಹೆಸರು. ಮೂಲದ್ರವವನ್ನು ಪೂರ್ತಿಯಾಗಿ ತೆಗೆದ ಮೇಲೂ ಇದು ದಶಕಗಳ ಕಾಲ ಮುಂದುವರಿಯಬಹುದು.

ಆರೋಗ್ಯ ಮತ್ತು ಮಿತಿಗಳು

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ (ಐಎಆರ್‌ಸಿ) 2012ರಲ್ಲಿ ಟ್ರೈಕ್ಲೋರೋಎಥಿಲೀನನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮೂತ್ರಪಿಂಡದ ಕ್ಯಾನ್ಸರಿನೊಂದಿಗಿನ ಸಂಬಂಧ ಇದಕ್ಕೆ ಮುಖ್ಯ ಆಧಾರ. ವಿನೈಲ್ ಕ್ಲೋರೈಡ್ ಕೂಡ ಅದೇ ಗುಂಪಿನಲ್ಲಿದೆ. ಟೆಟ್ರಾಕ್ಲೋರೋಎಥಿಲೀನ್ ಮತ್ತು ಡೈಕ್ಲೋರೋಮೀಥೇನ್ ಕ್ಯಾನ್ಸರ್‌ಕಾರಕವಾಗಿರುವ ಸಂಭವ ಹೆಚ್ಚೆಂದು ಪರಿಗಣಿಸುವ 2-ಎ ಗುಂಪಿನಲ್ಲಿವೆ.

ದ್ರಾವಕ ದೇಹವನ್ನು ಸೇರುವುದು ಕುಡಿಯುವುದರಿಂದ ಮಾತ್ರವಲ್ಲ. ಬಿಸಿನೀರಿನ ಸ್ನಾನದ ವೇಳೆ ಆವಿಯಾಗಿ ಉಸಿರಿನ ಮೂಲಕ, ಚರ್ಮದ ಮೂಲಕವೂ ಸೇರುತ್ತದೆ. ಆಳವಿಲ್ಲದ ಪ್ಲೂಮಿನಿಂದ ಎದ್ದ ಆವಿ ಕಟ್ಟಡಗಳ ತಳಪಾಯದ ಬಿರುಕುಗಳಲ್ಲಿ ನುಗ್ಗಿ ಒಳಗಿನ ಗಾಳಿಯನ್ನೂ ಕೆಡಿಸಬಹುದು. ಮಿತಿಯ ಆಸುಪಾಸಿನ ಪ್ರಮಾಣದಲ್ಲಿ ಬಣ್ಣ, ವಾಸನೆ, ರುಚಿ ಯಾವುದರಿಂದಲೂ ದ್ರಾವಕ ಗೊತ್ತಾಗುವುದಿಲ್ಲ.

ಅಮೆರಿಕದಲ್ಲಿ ಟಿಸಿಇ, ಪಿಸಿಇ, ಕಾರ್ಬನ್ ಟೆಟ್ರಾಕ್ಲೋರೈಡ್ ಮತ್ತು ಡೈಕ್ಲೋರೋಮೀಥೇನ್‌ಗಳಿಗೆ ತಲಾ ಲೀಟರಿಗೆ 5 ಮೈಕ್ರೋಗ್ರಾಂ, ವಿನೈಲ್ ಕ್ಲೋರೈಡಿಗೆ 2, ಸಿಸ್-ಡೈಕ್ಲೋರೋಎಥಿಲೀನಿಗೆ 70 ಮತ್ತು ಟಿಸಿಎಗೆ 200 ಮೈಕ್ರೋಗ್ರಾಂ ಮಿತಿ ಇದೆ. ಯುರೋಪ್ ಒಕ್ಕೂಟ ಟಿಸಿಇ ಮತ್ತು ಪಿಸಿಇ ಎರಡರ ಒಟ್ಟು ಪ್ರಮಾಣಕ್ಕೆ 10 ಮೈಕ್ರೋಗ್ರಾಂ ಮಿತಿ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿಯಲ್ಲಿ ಟಿಸಿಇಗೆ 8, ಪಿಸಿಇಗೆ 100 ಮೈಕ್ರೋಗ್ರಾಂ ಎಂದಿದೆ.

ಪತ್ತೆ ವಿಧಾನಗಳು

ಪ್ರಾಥಮಿಕ ಶೋಧ. ತನಿಖೆ ಆರಂಭವಾಗುವುದು ದಾಖಲೆಗಳಿಂದ. ಜಾಗದಲ್ಲಿ ಹಿಂದೆ ಯಾವ ಉದ್ಯಮವಿತ್ತು, ದ್ರಾವಕದ ತೊಟ್ಟಿ, ಪೀಪಾಯಿ, ಚರಂಡಿ ಎಲ್ಲಿದ್ದವು ಎಂಬ ಮಾಹಿತಿ ಸಂಗ್ರಹಿಸುತ್ತಾರೆ. ನಂತರ ಒಣವಲಯದ ಮಣ್ಣಿನ ಗಾಳಿಯನ್ನು ಸಣ್ಣ ಕೊಳವೆಗಳಿಂದ ಹೀರಿ ಪರೀಕ್ಷಿಸುತ್ತಾರೆ. ಕ್ಷೇತ್ರದಲ್ಲಿ ಬಳಸುವ ದ್ಯುತಿ ಅಯಾನೀಕರಣ ಶೋಧಕದ 10.6 ಎಲೆಕ್ಟ್ರಾನ್ ವೋಲ್ಟಿನ ದೀಪ ಟಿಸಿಇ, ಪಿಸಿಇಗಳನ್ನು ಗುರುತಿಸುತ್ತದೆ, ಟಿಸಿಎಗೆ 11.7 ಎಲೆಕ್ಟ್ರಾನ್ ವೋಲ್ಟಿನ ದೀಪ ಬೇಕು. ಬೇರುಗಳು ಹೀರಿದ ನೀರಿನೊಂದಿಗೆ ದ್ರಾವಕ ಮರದ ಕಾಂಡವನ್ನೂ ಸೇರುವುದರಿಂದ, ಕಾಂಡದಿಂದ ತೆಗೆದ ತೆಳು ತುಣುಕುಗಳ ಪರೀಕ್ಷೆ ಆಳವಿಲ್ಲದ ಪ್ಲೂಮ್ ಗುರುತಿಸಲು ಅಗ್ಗದ ದಾರಿ.

ಆಳದ ಚಿತ್ರಣ. ಮೆದುಮಣ್ಣಿನಲ್ಲಿ ಪೊರೆಶೋಧಕ ಸಲಾಕೆಯನ್ನು ನೆಲಕ್ಕೆ ಒತ್ತುತ್ತಾರೆ. ಅದರ ಬಿಸಿ ಮಾಡಿದ ಪೊರೆಯ ಮೂಲಕ ಒಳಸೇರುವ ಆವಿಯನ್ನು ಅನಿಲವೊಂದು ಮೇಲಕ್ಕೆ ಹೊತ್ತು ತರುತ್ತದೆ. ಮಾಲಿನ್ಯ ಯಾವ ಆಳದಲ್ಲಿದೆ ಎಂಬುದು ಅಲ್ಲೇ ತಿಳಿಯುತ್ತದೆ. ಗಟ್ಟಿ ಶಿಲೆಯಲ್ಲಿ ಇದು ಸಾಧ್ಯವಿಲ್ಲದ ಕಾರಣ ಕೊರೆದು ತೆಗೆದ ಶಿಲಾಸ್ತಂಭಗಳನ್ನು ವಿಶ್ಲೇಷಿಸುತ್ತಾರೆ. ಮಣ್ಣಿನ ಮಾದರಿಯಲ್ಲಿ ಭಾರದ್ರವವಿದೆಯೇ ಎಂದು ನೋಡಲು ಸುಡಾನ್-4 ಎಂಬ ಬಣ್ಣ ಬೆರೆಸಿ ಅಲುಗಾಡಿಸುತ್ತಾರೆ. ಈ ಬಣ್ಣ ನೀರಿನಲ್ಲಿ ಕರಗದೆ ದ್ರಾವಕದಲ್ಲಿ ಕರಗುವುದರಿಂದ ಹನಿಗಳು ಕೆಂಪಾಗಿ ಎದ್ದು ಕಾಣುತ್ತವೆ.

ವೀಕ್ಷಣಾ ಬಾವಿಗಳು. ಒಂದೇ ಜಾಗದಲ್ಲಿ ಬೇರೆಬೇರೆ ಆಳದ ನೀರನ್ನು ಪ್ರತ್ಯೇಕವಾಗಿ ತೆಗೆಯುವ ಬಹುಮಟ್ಟದ ಬಾವಿಗಳು ಪ್ಲೂಮಿನ ಆಕಾರ ತಿಳಿಯಲು ಅಗತ್ಯ. ಉದ್ದನೆಯ ಜಾಲರಿಯುಳ್ಳ ಒಂದೇ ಬಾವಿಯಲ್ಲಿ ಶುದ್ಧ ಮತ್ತು ಕಲುಷಿತ ನೀರು ಬೆರೆತು ಪ್ರಮಾಣ ಕಡಿಮೆಯೆಂದು ತೋರುತ್ತದೆ. ಆವಿ ನಷ್ಟವಾಗದಂತೆ ನಿಧಾನಗತಿಯ ಪಂಪಿನಿಂದ ನೀರೆತ್ತುತ್ತಾರೆ. ಶುದ್ಧ ನೀರು ತುಂಬಿದ ಪಾಲಿಥೀನ್ ಚೀಲವನ್ನು ಸುಮಾರು ಎರಡು ವಾರ ಬಾವಿಯಲ್ಲಿ ಇಳಿಬಿಡುವುದು ಇನ್ನೊಂದು ಕ್ರಮ. ದ್ರಾವಕದ ಅಣುಗಳು ಚೀಲದೊಳಕ್ಕೆ ನುಸುಳಿ ಹೊರಗಿನ ನೀರಿನೊಂದಿಗೆ ಸಮಸ್ಥಿತಿಗೆ ಬರುತ್ತವೆ.

ಪ್ರಯೋಗಾಲಯ ವಿಶ್ಲೇಷಣೆ. ಮಾದರಿಯನ್ನು 40 ಮಿಲಿಲೀಟರಿನ ಗಾಜಿನ ಸೀಸೆಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಆಮ್ಲ ಸೇರಿಸಿ, ತಂಪಿನಲ್ಲಿಟ್ಟು 14 ದಿನಗಳೊಳಗೆ ಪರೀಕ್ಷಿಸಬೇಕು. ಸೀಸೆಯ ನೀರಿನಲ್ಲಿ ಜಡ ಅನಿಲದ ಗುಳ್ಳೆಗಳನ್ನು ಹಾಯಿಸಿದಾಗ ಆವಿಶೀಲ ವಸ್ತುಗಳು ಹೊರಬರುತ್ತವೆ. ಅವುಗಳನ್ನು ಹೀರುವಸ್ತುವಿನಲ್ಲಿ ಹಿಡಿದು, ಬಿಸಿ ಮಾಡಿ ಗ್ಯಾಸ್ ಕ್ರೊಮ್ಯಾಟೋಗ್ರಾಫಿಗೆ ಕಳಿಸುತ್ತಾರೆ. ಪ್ರತ್ಯೇಕಗೊಂಡ ಪ್ರತಿ ವಸ್ತುವನ್ನು ಮಾಸ್ ಸ್ಪೆಕ್ಟ್ರೋಮೀಟರ್ ಗುರುತಿಸಿ ಅಳೆಯುತ್ತದೆ. ಲೀಟರಿಗೆ ಒಂದು ಮೈಕ್ರೋಗ್ರಾಂಗಿಂತ ಕಡಿಮೆ ಪ್ರಮಾಣವೂ ಈ ವಿಧಾನಕ್ಕೆ ಸಿಗುತ್ತದೆ.

ಫಲಿತಾಂಶಗಳ ಅರ್ಥೈಸುವಿಕೆ. ನೀರಿನಲ್ಲಿನ ಪ್ರಮಾಣ ಆ ದ್ರಾವಕದ ಗರಿಷ್ಠ ಕರಗುವ ಪ್ರಮಾಣದ ಶೇ. 1ನ್ನು ಮೀರಿದರೆ ಹತ್ತಿರದಲ್ಲಿ ಭಾರದ್ರವ ಇರಬಹುದೆಂದು ಶಂಕಿಸುವುದು ರೂಢಿ. ಟಿಸಿಇಗೆ ಇದು ಲೀಟರಿಗೆ ಸುಮಾರು 11 ಮಿಲಿಗ್ರಾಂ. ಭಾರದ್ರವ ನೇರವಾಗಿ ಬಾವಿಯಲ್ಲಿ ಸಿಗುವುದು ಅಪರೂಪವಾದ್ದರಿಂದ ಈ ಪರೋಕ್ಷ ಸೂಚನೆಗೆ ಮಹತ್ವವಿದೆ. ದ್ರಾವಕ ನೀರಿನಲ್ಲಿ ತೆಳುವಾಗುತ್ತಿದೆಯೋ ನಿಜವಾಗಿ ಒಡೆಯುತ್ತಿದೆಯೋ ಎಂಬುದನ್ನು ಇಂಗಾಲದ ಐಸೋಟೋಪುಗಳ ಅನುಪಾತದಿಂದ ತಿಳಿಯುತ್ತಾರೆ. ಬ್ಯಾಕ್ಟೀರಿಯಾಗಳು ಇಂಗಾಲ-12 ಇರುವ ಅಣುಗಳನ್ನು ಬೇಗ ಒಡೆಯುವುದರಿಂದ ಉಳಿದ ದ್ರಾವಕದಲ್ಲಿ ಇಂಗಾಲ-13ರ ಪಾಲು ಏರುತ್ತದೆ.

ನಿವಾರಣಾ ವಿಧಾನಗಳು

ನೀರೆತ್ತಿ ಶುದ್ಧೀಕರಿಸುವುದು. ಕಲುಷಿತ ನೀರನ್ನು ಬಾವಿಗಳಿಂದ ಮೇಲೆತ್ತಿ ಸಂಸ್ಕರಿಸುವುದು ಅತಿ ಹಳೆಯ ಕ್ರಮ. ಮೇಲೆ ಬಂದ ನೀರಿಗೆ ಎರಡು ಸಂಸ್ಕರಣೆಗಳು ಸಾಮಾನ್ಯ. ಗಾಳಿಗೋಪುರದಲ್ಲಿ ನೀರು ಮೇಲಿನಿಂದ ತೆಳುವಾಗಿ ಇಳಿಯುತ್ತದೆ, ಗಾಳಿ ಕೆಳಗಿನಿಂದ ಏರುತ್ತದೆ. ದ್ರಾವಕ ಗಾಳಿಗೆ ವರ್ಗವಾಗುತ್ತದೆ. ಇನ್ನೊಂದರಲ್ಲಿ ಸಕ್ರಿಯ ಇದ್ದಿಲಿನ ಹರಳುಗಳ ಮೇಲ್ಮೈಗೆ ದ್ರಾವಕ ಅಂಟಿಕೊಳ್ಳುತ್ತದೆ. ಟಿಸಿಇ, ಪಿಸಿಇಗಳಿಗೆ ಎರಡೂ ಪರಿಣಾಮಕಾರಿ. ವಿನೈಲ್ ಕ್ಲೋರೈಡ್ ಇದ್ದಿಲಿಗೆ ಸರಿಯಾಗಿ ಅಂಟುವುದಿಲ್ಲ. 1,4-ಡೈಆಕ್ಸೇನ್ ನೀರಿನಲ್ಲಿ ಪೂರ್ತಿಯಾಗಿ ಬೆರೆಯುವುದರಿಂದ ಈ ಎರಡಕ್ಕೂ ಮಣಿಯದು. ಅದಕ್ಕೆ ಅತಿನೇರಳೆ ಬೆಳಕು ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಜೊತೆಯಾಗಿ ಬಳಸುವ ಉತ್ಕರ್ಷಣ ಬೇಕಾಗುತ್ತದೆ.

ಈ ಕ್ರಮ ಪ್ಲೂಮ್ ಮುಂದೆ ಸಾಗದಂತೆ ತಡೆಯುತ್ತದೆ, ಆದರೆ ಮೂಲವನ್ನು ಬೇಗ ಮುಗಿಸುವುದಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಪರಿಶೀಲಿಸಿದ ಇಂಥ 77 ತಾಣಗಳಲ್ಲಿ ಶುದ್ಧೀಕರಣದ ಗುರಿ ಮುಟ್ಟಿದ್ದವು ಎಂಟು ಮಾತ್ರ. ಪಂಪ್ ನಿಲ್ಲಿಸಿದ ಮೇಲೆ ದ್ರಾವಕದ ಪ್ರಮಾಣ ಮತ್ತೆ ಏರುವುದು ಸಾಮಾನ್ಯ ಅನುಭವ. ಮೂಲವಲಯವನ್ನೇ ಗುರಿಯಾಗಿಸುವ, ದ್ರಾವಕವನ್ನು ನೆಲದೊಳಗೇ ನಾಶಪಡಿಸುವ ವಿಧಾನಗಳು ಇದರ ನಂತರ ಬಲಗೊಂಡವು.

ಆವಿ ಹೀರಿಕೆ. ಒಣವಲಯದ ಬಾವಿಗಳಿಗೆ ನಿರ್ವಾತ ಪಂಪ್ ಜೋಡಿಸಿ ಮಣ್ಣಿನ ಆವಿಯನ್ನು ಹೀರಿ ಸಂಸ್ಕರಿಸುತ್ತಾರೆ. ಮರಳು, ಜಲ್ಲಿಗಳಲ್ಲಿ ಇದು ಅಗ್ಗ ಮತ್ತು ಪರಿಣಾಮಕಾರಿ. ಅಂತರ್ಜಲದೊಳಗೆ ಗಾಳಿಯ ಗುಳ್ಳೆಗಳನ್ನು ಊದಿ ದ್ರಾವಕವನ್ನು ಒಣವಲಯಕ್ಕೆ ಏರಿಸುವ ಕ್ರಮವನ್ನು ಇದರ ಜೊತೆಗೆ ಬಳಸುವುದುಂಟು. ಜೇಡಿಮಣ್ಣಿನಲ್ಲಿ ಗಾಳಿ ಚಲಿಸದ ಕಾರಣ ಎರಡೂ ವಿಫಲವಾಗುತ್ತವೆ.

ಉಷ್ಣ ವಿಧಾನಗಳು. ನೆಲದೊಳಗೆ ವಿದ್ಯುದ್ವಾರಗಳನ್ನು ನೆಟ್ಟು ಮಣ್ಣಿನ ಮೂಲಕ ವಿದ್ಯುತ್ ಹರಿಸಿ, ಬಿಸಿ ಸಲಾಕೆಗಳನ್ನು ಇಳಿಸಿ ಅಥವಾ ಹಬೆ ನುಗ್ಗಿಸಿ ಮೂಲವಲಯವನ್ನು ಕಾಯಿಸುತ್ತಾರೆ. ದ್ರಾವಕ ಮತ್ತು ನೀರು ಒಟ್ಟಿಗಿರುವಾಗ ಅವು ಬಿಡಿಯಾಗಿ ಕುದಿಯುವುದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಜೊತೆಯಾಗಿ ಕುದಿಯುತ್ತವೆ. ಟಿಸಿಇ ಮತ್ತು ನೀರಿನ ಜೋಡಿಗೆ ಇದು ಸುಮಾರು 73 ಡಿಗ್ರಿ. ಪಿಸಿಇಗೆ 88 ಡಿಗ್ರಿ. ಎದ್ದ ಆವಿಯನ್ನು ಹೀರಿ ಹಿಡಿಯುತ್ತಾರೆ. ಬಿಗಿ ಜೇಡಿಪದರದಲ್ಲೂ ಶಾಖ ಹರಡುವುದು ಈ ವಿಧಾನದ ಅನುಕೂಲ. ವಿದ್ಯುತ್ ವೆಚ್ಚ ಅದರ ಮಿತಿ.

ರಾಸಾಯನಿಕ ಉತ್ಕರ್ಷಣ. ಪೊಟ್ಯಾಸಿಯಂ ಪರ್ಮಾಂಗನೇಟ್, ಪರ್‌ಸಲ್ಫೇಟ್, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕಬ್ಬಿಣದ ಲವಣ ಬೆರೆಸಿದ ಫೆಂಟನ್ ಕಾರಕ, ಓಜೋನ್ ಇವುಗಳಲ್ಲಿ ಒಂದನ್ನು ನೆಲಕ್ಕೆ ಸೇರಿಸಿ ದ್ರಾವಕವನ್ನು ಕಾರ್ಬನ್ ಡೈಆಕ್ಸೈಡ್ ಮತ್ತು ಕ್ಲೋರೈಡ್ ಆಗಿ ಒಡೆಯುತ್ತಾರೆ. ಪರ್ಮಾಂಗನೇಟ್ ಟಿಸಿಇ, ಪಿಸಿಇಗಳನ್ನು ಒಡೆಯುತ್ತದೆ. ಟಿಸಿಎ ಮತ್ತು ಕಾರ್ಬನ್ ಟೆಟ್ರಾಕ್ಲೋರೈಡ್ ಮೇಲೆ ಅದು ಪರಿಣಾಮ ಬೀರದು. ಮಣ್ಣಿನ ಸಾವಯವ ಅಂಶವೇ ಕಾರಕದ ದೊಡ್ಡ ಪಾಲನ್ನು ತಿಂದುಹಾಕಬಹುದು. ಪರ್ಮಾಂಗನೇಟಿನಿಂದ ಉಳಿಯುವ ಮ್ಯಾಂಗನೀಸ್ ಡೈಆಕ್ಸೈಡ್ ರಂಧ್ರಗಳನ್ನು ಮುಚ್ಚಬಹುದು.

ಕಬ್ಬಿಣದ ಪ್ರತಿಕ್ರಿಯಾ ತಡೆಗೋಡೆ. ಪ್ಲೂಮ್ ಹರಿಯುವ ದಾರಿಗೆ ಅಡ್ಡಲಾಗಿ ಕಂದಕ ತೋಡಿ ಕಬ್ಬಿಣದ ಹರಳುಗಳನ್ನು ತುಂಬುತ್ತಾರೆ. ನೀರು ಗೋಡೆಯ ಮೂಲಕ ಹಾಯುತ್ತದೆ. ಕಬ್ಬಿಣ ತುಕ್ಕು ಹಿಡಿಯುವಾಗ ಬಿಡುಗಡೆಯಾಗುವ ಎಲೆಕ್ಟ್ರಾನುಗಳು ದ್ರಾವಕದ ಅಣುವಿನಿಂದ ಕ್ಲೋರಿನ್ನನ್ನು ಕಿತ್ತುಹಾಕುತ್ತವೆ. ವಾಟರ್‌ಲೂ ವಿಶ್ವವಿದ್ಯಾಲಯದ ರಾಬರ್ಟ್ ಗಿಲ್‌ಹ್ಯಾಮ್ ಮತ್ತು ಸ್ಟೆಫನಿ ಒಹ್ಯಾನೆಸಿನ್ 1991ರಲ್ಲಿ ಬೋರ್ಡೆನ್ನಿನಲ್ಲಿ ಶೇ. 22 ಕಬ್ಬಿಣ, ಶೇ. 78 ಮರಳು ಬೆರೆಸಿದ ಗೋಡೆ ನಿರ್ಮಿಸಿದರು. ಅದು ಶೇ. 90 ಟಿಸಿಇಯನ್ನೂ ಶೇ. 86 ಪಿಸಿಇಯನ್ನೂ ತೆಗೆದುಹಾಕಿತು. 1996ರಲ್ಲಿ ಅಮೆರಿಕದ ಉತ್ತರ ಕ್ಯಾರೊಲೈನಾದ ಎಲಿಜಬೆತ್ ಸಿಟಿಯಲ್ಲಿ, ಕ್ರೋಮಿಯಂ ಲೇಪನ ಘಟಕವೊಂದರ ಬಳಿ ಕಟ್ಟಿದ 46 ಮೀಟರ್ ಉದ್ದದ ಗೋಡೆ ಹೆಕ್ಸಾವೇಲೆಂಟ್ ಕ್ರೋಮಿಯಂ ಮತ್ತು ಟಿಸಿಇ ಎರಡನ್ನೂ ಒಟ್ಟಿಗೆ ನಿವಾರಿಸಿದ ಉದಾಹರಣೆ. ಈ ಗೋಡೆಗಳಿಗೆ ಪಂಪ್ ಬೇಡ, ವಿದ್ಯುತ್ ಬೇಡ. ಆದರೆ ಕಂದಕ ತೋಡಬಹುದಾದ ಆಳ ಸೀಮಿತ. ವರ್ಷಗಳು ಕಳೆದಂತೆ ಲವಣಗಳು ಕಟ್ಟಿಕೊಂಡು ಹರಿವು ತಗ್ಗಬಹುದು.

ಜೈವಿಕ ನಿವಾರಣೆ. ಆಮ್ಲಜನಕವಿಲ್ಲದ ನೆಲದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಕ್ಲೋರಿನ್‌ಯುಕ್ತ ದ್ರಾವಕವನ್ನು ಉಸಿರಾಟಕ್ಕೆ ಬಳಸಿಕೊಂಡು ಒಂದೊಂದೇ ಕ್ಲೋರಿನ್ ಪರಮಾಣುವನ್ನು ತೆಗೆಯುತ್ತವೆ. ಪಿಸಿಇಯಿಂದ ಟಿಸಿಇ, ಅದರಿಂದ ಸಿಸ್-ಡೈಕ್ಲೋರೋಎಥಿಲೀನ್, ನಂತರ ವಿನೈಲ್ ಕ್ಲೋರೈಡ್, ಕೊನೆಗೆ ನಿರಪಾಯಕಾರಿ ಎಥಿಲೀನ್ ಇದರ ಕ್ರಮ. ಪಿಸಿಇಯನ್ನು ಎಥಿಲೀನ್‌ವರೆಗೂ ಒಯ್ಯಬಲ್ಲ ಬ್ಯಾಕ್ಟೀರಿಯಾವನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ಮೊದಲ ಬಾರಿಗೆ ಪ್ರತ್ಯೇಕಿಸಿದರು. ಅದರ ಈಗಿನ ಹೆಸರು ಡಿಹ್ಯಾಲೋಕಾಕಾಯ್ಡಿಸ್ ಮೆಕ್ಕಾರ್ಟಿಯೈ. ಇವುಗಳಿಗೆ ಬೇಕಾದ ಹೈಡ್ರೋಜನ್ ಒದಗಿಸಲು ಕಾಕಂಬಿ, ಲ್ಯಾಕ್ಟೇಟ್ ಅಥವಾ ನೀರಿನೊಂದಿಗೆ ಕಡೆದ ಅಡುಗೆ ಎಣ್ಣೆಯನ್ನು ನೆಲಕ್ಕೆ ಸೇರಿಸುತ್ತಾರೆ. ಅವು ಕೊಳೆತಾಗ ಹೈಡ್ರೋಜನ್ ಹುಟ್ಟುತ್ತದೆ. ತಕ್ಕ ಬ್ಯಾಕ್ಟೀರಿಯಾ ಅಲ್ಲಿ ಇಲ್ಲದಿದ್ದರೆ ಬೆಳೆಸಿದ ಮಿಶ್ರಣವನ್ನೂ ಸೇರಿಸುತ್ತಾರೆ. ಸರಪಳಿ ಅರ್ಧಕ್ಕೆ ನಿಂತು ಸಿಸ್-ಡೈಕ್ಲೋರೋಎಥಿಲೀನ್ ಅಥವಾ ವಿನೈಲ್ ಕ್ಲೋರೈಡ್ ಶೇಖರವಾಗುವುದು ಮುಖ್ಯ ಅಪಾಯ. ಅದಕ್ಕಾಗಿ ವಿನೈಲ್ ಕ್ಲೋರೈಡನ್ನು ಒಡೆಯುವ ಕಿಣ್ವದ ವಂಶವಾಹಿ ನೀರಿನಲ್ಲಿದೆಯೇ ಎಂದು ಪಿಸಿಆರ್ ಪರೀಕ್ಷೆಯಿಂದ ನೋಡುತ್ತಾರೆ.

ವೀಕ್ಷಣೆಯೊಂದಿಗಿನ ಸಹಜ ಕ್ಷೀಣತೆ. ನೆಲದ ಸಹಜ ಪ್ರಕ್ರಿಯೆಗಳೇ ಪ್ಲೂಮನ್ನು ಕುಗ್ಗಿಸುತ್ತಿವೆಯೆಂದು ಅಳತೆಗಳಿಂದ ಸಾಬೀತಾದರೆ, ಹಸ್ತಕ್ಷೇಪ ಮಾಡದೆ ದೀರ್ಘಕಾಲ ಪರೀಕ್ಷೆ ನಡೆಸುತ್ತಾ ಹೋಗಬಹುದು. ಕರಗಿದ ಆಮ್ಲಜನಕ, ಕಬ್ಬಿಣ, ಸಲ್ಫೇಟ್, ಮೀಥೇನ್, ಕ್ಲೋರೈಡ್ ಮತ್ತು ಎಥಿಲೀನ್‌ಗಳ ಪ್ರಮಾಣ ಇದಕ್ಕೆ ಆಧಾರ.

ಬಳಕೆದಾರರ ಹಂತದ ರಕ್ಷಣೆ. ಜಲಧರ ಶುದ್ಧವಾಗುವವರೆಗೆ ಕಲುಷಿತ ಬಾವಿಯನ್ನು ಮುಚ್ಚಿ ಬೇರೆ ಮೂಲದ ನೀರು ಒದಗಿಸುವುದು ಮೊದಲ ಕ್ರಮ. ಮನೆಯಲ್ಲಿ ಸಕ್ರಿಯ ಇದ್ದಿಲಿನ ಶೋಧಕ ಉಪಯುಕ್ತ. ಅದನ್ನು ಕಾಲಕಾಲಕ್ಕೆ ಬದಲಿಸಬೇಕು. ನೀರು ಕುದಿಸಿದರೆ ದ್ರಾವಕ ಮನೆಯೊಳಗಿನ ಗಾಳಿಗೆ ಸೇರುವುದರಿಂದ ಅದು ಪರಿಹಾರವಲ್ಲ. ಆವಿ ನುಗ್ಗುವ ಕಟ್ಟಡಗಳಲ್ಲಿ ನೆಲಹಾಸಿನಡಿಯ ಗಾಳಿಯನ್ನು ಫ್ಯಾನಿನಿಂದ ಹೀರಿ ಹೊರಗೆ ಬಿಡುತ್ತಾರೆ.

ವಿಧಾನದ ಆಯ್ಕೆ

ಒಂದೇ ವಿಧಾನ ಇಡೀ ತಾಣಕ್ಕೆ ಸಾಲುವುದು ವಿರಳ. ಮೂಲವಲಯಕ್ಕೆ ಉಷ್ಣ ಅಥವಾ ಉತ್ಕರ್ಷಣ, ಪ್ಲೂಮಿನ ನಡುಭಾಗಕ್ಕೆ ಜೈವಿಕ ವಿಧಾನ ಅಥವಾ ತಡೆಗೋಡೆ, ತುದಿಗೆ ಸಹಜ ಕ್ಷೀಣತೆ ಎಂಬಂತೆ ಹಂಚುವುದು ಈಗಿನ ಪದ್ಧತಿ. ದ್ರಾವಕದ ಬಗೆ, ಮಣ್ಣು ಅಥವಾ ಶಿಲೆಯ ರಚನೆ, ಆಳ, ಹತ್ತಿರದ ಬಾವಿಗಳು ಮತ್ತು ಲಭ್ಯವಿರುವ ಕಾಲ ಆಯ್ಕೆಯನ್ನು ನಿರ್ಧರಿಸುತ್ತವೆ. ಉತ್ಕರ್ಷಣಕಾರಿಗಳು ಆಮ್ಲಜನಕ ದ್ವೇಷಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದರಿಂದ, ಎರಡನ್ನೂ ಒಂದೇ ಜಾಗದಲ್ಲಿ ಬಳಸಬೇಕಾದರೆ ನಡುವೆ ಕಾಲಾವಕಾಶ ಬೇಕು.

ಪ್ರಮುಖ ಪ್ರಕರಣಗಳು

ವೂಬರ್ನ್, ಅಮೆರಿಕ. ಮಸಾಚುಸೆಟ್ಸ್ ರಾಜ್ಯದ ಈ ಪಟ್ಟಣದ ಜಿ ಮತ್ತು ಎಚ್ ಎಂಬ ಎರಡು ಸಾರ್ವಜನಿಕ ಬಾವಿಗಳನ್ನು ಟಿಸಿಇ ಮತ್ತು ಪಿಸಿಇ ಪತ್ತೆಯಾದ ಕಾರಣ 1979ರಲ್ಲಿ ಮುಚ್ಚಲಾಯಿತು. ಮಕ್ಕಳ ರಕ್ತಕ್ಯಾನ್ಸರಿಗೆ ಸಂಬಂಧಿಸಿ ಕುಟುಂಬಗಳು ಹೂಡಿದ ದಾವೆ ಜೊನಾಥನ್ ಹಾರ್ ಅವರ 1995ರ ‘ಎ ಸಿವಿಲ್ ಆ್ಯಕ್ಷನ್’ ಕೃತಿಯ ವಸ್ತು.

ಕ್ಯಾಂಪ್ ಲೆಜೂನ್, ಅಮೆರಿಕ. ಉತ್ತರ ಕ್ಯಾರೊಲೈನಾದ ಈ ನೌಕಾಪದಾತಿ ನೆಲೆಯ ನೀರು 1953ರಿಂದ 1987ರವರೆಗೆ ಕಲುಷಿತವಾಗಿತ್ತು. ಒಂದು ಸರಬರಾಜಿಗೆ ನೆಲೆಯ ಹೊರಗಿನ ಡ್ರೈಕ್ಲೀನಿಂಗ್ ಅಂಗಡಿಯ ಪಿಸಿಇ ಸೇರಿತ್ತು. ಇನ್ನೊಂದರಲ್ಲಿ 1982ರಲ್ಲಿ ಲೀಟರಿಗೆ 1,400 ಮೈಕ್ರೋಗ್ರಾಂವರೆಗೆ ಟಿಸಿಇ ಕಂಡುಬಂತು. ಬಾಧಿತರಿಗೆ ದಾವೆ ಹೂಡುವ ಹಕ್ಕನ್ನು 2022ರ ಕಾನೂನು ಕೊಟ್ಟಿತು.

ಸಾಸ್ಟನ್, ಇಂಗ್ಲೆಂಡ್. ಕೇಂಬ್ರಿಡ್ಜ್ ಬಳಿಯ ಚರ್ಮ ಹದಮಾಡುವ ಘಟಕದಿಂದ ಚೆಲ್ಲಿದ ಪಿಸಿಇ ಸುಮಾರು 2 ಕಿಲೋಮೀಟರ್ ದೂರದ ಕೊಳವೆಬಾವಿಯಲ್ಲಿ 1983ರಲ್ಲಿ ಪತ್ತೆಯಾಯಿತು. ಚೆಲ್ಲಿದ ಕಾಲದಲ್ಲಿ ಇಂಥ ಹಾನಿಯನ್ನು ಊಹಿಸಲಾಗುತ್ತಿರಲಿಲ್ಲವೆಂದು ಹೌಸ್ ಆಫ್ ಲಾರ್ಡ್ಸ್ 1993ರ ಡಿಸೆಂಬರಿನಲ್ಲಿ ಘಟಕದ ಪರ ತೀರ್ಪು ನೀಡಿತು.

ಸಾಂಟಾ ಕ್ಲಾರಾ, ಅಮೆರಿಕ. ಸಿಲಿಕಾನ್ ಕಣಿವೆಯ ಈ ಕೌಂಟಿಯಲ್ಲಿ ಚಿಪ್ ಕಾರ್ಖಾನೆಗಳ ನೆಲದೊಳಗಿನ ತೊಟ್ಟಿಗಳಿಂದ ದ್ರಾವಕ ಸೋರಿದ್ದು 1981ರ ಕೊನೆಯಿಂದ ಬೆಳಕಿಗೆ ಬಂತು. ಅಮೆರಿಕದ ಕೌಂಟಿಗಳಲ್ಲೇ ಅತಿ ಹೆಚ್ಚು ಸೂಪರ್‌ಫಂಡ್ ತಾಣಗಳು ಇಲ್ಲಿವೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಹೆಚ್ಚು ಚರ್ಚೆಯಾದ ಉದಾಹರಣೆ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಸುತ್ತಲಿನ ಅಂತರ್ಜಲ. 1984ರ ಅನಿಲ ದುರಂತದಿಂದ ಬೇರೆಯಾದ ಈ ಮಾಲಿನ್ಯಕ್ಕೆ ಆವರಣದಲ್ಲಿ ಸುರಿದ ತ್ಯಾಜ್ಯ ಕಾರಣ. ಗ್ರೀನ್‌ಪೀಸ್ 1999ರಲ್ಲಿ ಪ್ರಕಟಿಸಿದ ವರದಿ ಅಲ್ಲಿನ ನೀರಿನಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡ್, ಕ್ಲೋರೋಫಾರ್ಮ್ ಮತ್ತು ಕ್ಲೋರೋಬೆಂಜೀನುಗಳನ್ನು ದಾಖಲಿಸಿತು.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ ಐಎಸ್ 10500:2012, ಕ್ಲೋರೋಫಾರ್ಮ್ ಸೇರಿದಂತೆ ಟ್ರೈಹ್ಯಾಲೋಮೀಥೇನುಗಳಿಗೆ ಮಿತಿ ಹೇಳುತ್ತದೆ. ಟಿಸಿಇ ಮತ್ತು ಪಿಸಿಇಗೆ ಪ್ರತ್ಯೇಕ ಮಿತಿ ಅದರಲ್ಲಿಲ್ಲ. ಹೀಗಾಗಿ ವಾಡಿಕೆಯ ನೀರು ಪರೀಕ್ಷೆಯ ಪಟ್ಟಿಯಲ್ಲಿ ಇವು ಬರುವುದಿಲ್ಲ. ಬಳಸಿದ ದ್ರಾವಕಗಳು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಸೇರುತ್ತವೆ. ಕಲುಷಿತ ತಾಣಗಳನ್ನು ಗುರುತಿಸಿ, ಅಂದಾಜಿಸಿ, ಹೊಣೆಗಾರರಿಂದ ಶುದ್ಧೀಕರಣ ಮಾಡಿಸುವ ಕ್ರಮವನ್ನು ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮಗಳಾಗಿ ಪ್ರಕಟಿಸಿತು.

ಕರ್ನಾಟಕದ ಬಹುಭಾಗ ನೈಸ್, ಗ್ರಾನೈಟ್ ಮತ್ತು ಶಿಸ್ಟ್ ಶಿಲೆಗಳದು. ಉತ್ತರದಲ್ಲಿ ದಖನ್ನಿನ ಬಸಾಲ್ಟ್ ಇದೆ. ನೀರು ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರಡಿಯ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಇಂಥ ಶಿಲೆಯಲ್ಲಿ ಭಾರದ್ರವ ಬಿರುಕಿನ ಜಾಲ ಹಿಡಿದು ಆಳಕ್ಕೆ ಇಳಿಯಬಲ್ಲದು; ಅದರ ದಾರಿಯನ್ನು ಊಹಿಸುವುದು ಕಷ್ಟ. ಕೊಳವೆಬಾವಿಗಳಿಗೆ ಕೇಸಿಂಗ್ ಪೈಪನ್ನು ಸಾಮಾನ್ಯವಾಗಿ ಶಿಥಿಲ ಪದರದವರೆಗೆ ಮಾತ್ರ ಇಳಿಸಿ ಕೆಳಗಿನ ಭಾಗವನ್ನು ತೆರೆದೇ ಬಿಡುತ್ತಾರೆ. ಬೆಂಗಳೂರಿನಲ್ಲಿ ಸಾವಿರ ಅಡಿಗೂ ಮೀರಿ ಕೊರೆದ ಬಾವಿಗಳಿವೆ. ತೆರೆದ ಬಾವಿ ಬೇರೆಬೇರೆ ಆಳದ ಬಿರುಕುಗಳನ್ನು ಜೋಡಿಸುವುದರಿಂದ ಮೇಲಿನ ಮಾಲಿನ್ಯಕ್ಕೆ ನೇರ ದಾರಿಯಾಗುತ್ತದೆ. ಬತ್ತಿದ ಬಾವಿಯನ್ನು ಸರಿಯಾಗಿ ಮುಚ್ಚದಿದ್ದರೆ ದಾರಿ ಹಾಗೆಯೇ ಉಳಿಯುತ್ತದೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುವುದನ್ನು ಅಧ್ಯಯನಗಳು ದಾಖಲಿಸಿವೆ. ಅದರ ಮೂಲವಾದ ಲೋಹಲೇಪನದಲ್ಲಿ ಲೇಪಕ್ಕೆ ಮುನ್ನ ಜಿಡ್ಡು ತೆಗೆಯುವ ಹಂತವಿರುವುದರಿಂದ, ಇಂಥ ಪ್ರದೇಶಗಳ ತನಿಖೆಯಲ್ಲಿ ಲೋಹಗಳ ಜೊತೆಗೆ ದ್ರಾವಕಗಳ ವಿಶ್ಲೇಷಣೆಯೂ ಸೇರಬೇಕಾಗುತ್ತದೆ.

ಪ್ರಸ್ತುತ ಸ್ಥಿತಿ

ಓಜೋನ್ ಪದರಕ್ಕೆ ಹಾನಿಕರವಾದ ಟಿಸಿಎ ಮತ್ತು ಕಾರ್ಬನ್ ಟೆಟ್ರಾಕ್ಲೋರೈಡುಗಳ ತಯಾರಿಕೆಯನ್ನು ಮಾಂಟ್ರಿಯಲ್ ಒಡಂಬಡಿಕೆಯಡಿ ಮುಂದುವರಿದ ದೇಶಗಳು 1996ರ ವೇಳೆಗೆ ಬಹುಮಟ್ಟಿಗೆ ನಿಲ್ಲಿಸಿದವು. ಭಾರತದಲ್ಲಿ ಕಾರ್ಬನ್ ಟೆಟ್ರಾಕ್ಲೋರೈಡಿನ ನಿಯಂತ್ರಿತ ಬಳಕೆ 2010ಕ್ಕೆ ಕೊನೆಗೊಂಡಿತು. ಯುರೋಪ್ ಒಕ್ಕೂಟದಲ್ಲಿ 2016ರ ಏಪ್ರಿಲ್ ನಂತರ ವಿಶೇಷ ಅನುಮತಿಯಿಲ್ಲದೆ ಟಿಸಿಇ ಬಳಸುವಂತಿಲ್ಲ. ಅಮೆರಿಕದ ಇಪಿಎ 2024ರ ಡಿಸೆಂಬರಿನಲ್ಲಿ ಟಿಸಿಇಯ ಎಲ್ಲ ಬಳಕೆಗಳನ್ನು ಹಂತಹಂತವಾಗಿ ನಿಷೇಧಿಸುವ, ಡ್ರೈಕ್ಲೀನಿಂಗಿನಲ್ಲಿ ಪಿಸಿಇಯನ್ನು 10 ವರ್ಷಗಳಲ್ಲಿ ಕೊನೆಗಾಣಿಸುವ ನಿಯಮಗಳನ್ನು ಹೊರಡಿಸಿತು. ಟಿಸಿಇ ನಿಯಮದ ಕೆಲವು ಭಾಗಗಳ ಜಾರಿ ನಂತರ ಮುಂದಕ್ಕೆ ಹೋಯಿತು.

ಬಳಕೆ ನಿಂತರೂ ಹಳೆಯ ಮೂಲವಲಯಗಳು ಉಳಿದಿವೆ. ಸಂಶೋಧನೆ ಈಗ ಮೂರು ದಿಕ್ಕಿನಲ್ಲಿ ಸಾಗಿದೆ: ಬಿಗಿ ಪದರಗಳಿಂದಾಗುವ ಹಿಮ್ಮುಖ ವಿಸರಣೆಯ ನಿಯಂತ್ರಣ, ಬಿರುಕು ಶಿಲೆಗಳಲ್ಲಿ ದ್ರಾವಕದ ಪತ್ತೆ, ಮತ್ತು 1,4-ಡೈಆಕ್ಸೇನಿನಂತೆ ಹಿಂದಿನ ಪರೀಕ್ಷೆಗಳು ಗಮನಿಸದ ಸಹಮಾಲಿನ್ಯಕಾರಕಗಳ ನಿವಾರಣೆ. ನೀರಿನಲ್ಲಿನ ಪ್ರಮಾಣದ ಜೊತೆಗೆ, ಒಂದು ಕಾಲಾವಧಿಯಲ್ಲಿ ಮೂಲವಲಯದಿಂದ ಹೊರಹೋಗುವ ದ್ರಾವಕದ ಒಟ್ಟು ತೂಕವನ್ನು ಅಳೆದು ನಿವಾರಣೆಯ ಪ್ರಗತಿಯನ್ನು ನಿರ್ಣಯಿಸುವ ಕ್ರಮವೂ ಬಳಕೆಗೆ ಬಂದಿದೆ.